ಎರಡಿದೆ ಎಂದು ಮಲಗಬೇಡ

ನಿನ್ನ ಕೈ ಚುರುಕು ಮಗು, ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡುತ್ತೇನೆ. ಬೆಳಿಗ್ಗೆ ಟಿಕೆಟ್ ಬಂತು. ಊಟಕ್ಕೆ ಏಳುವಷ್ಟರಲ್ಲಿ ಎರಡು ವಿಎಂ ಎದ್ದಿವೆ, ಎರಡರಲ್ಲೂ ಎಚ್‌ಎಪ್ರಾಕ್ಸಿ ಎಂಬ ಲೋಡ್ ಬ್ಯಾಲೆನ್ಸರ್ ಕೂತಿದೆ, ಹಿಂದೆ ನಾಲ್ಕು ಆ್ಯಪ್ ಸರ್ವರ್, ಸ್ಟ್ಯಾಟ್ಸ್ ಪೇಜಿನಲ್ಲಿ ಎಲ್ಲ ಹಸಿರೋ ಹಸಿರು. ಸ್ಕ್ರೀನ್‌ಶಾಟ್ ಗ್ರೂಪಿಗೆ ಹೋಯಿತು, ಮ್ಯಾನೇಜರ್ ಹೆಬ್ಬೆರಳೂ ಎತ್ತಿದರು. ನಮ್ಮ ಕಾಲದಲ್ಲಿ ಇದೇ ಕೆಲಸಕ್ಕೆ ಪೆಟ್ಟಿಗೆ ಬರಬೇಕು, ರ‍್ಯಾಕ್ ಏರಬೇಕು, ಕೇಬಲ್ ಎಳೆಯಬೇಕು, ಅಷ್ಟರಲ್ಲಿ ಹಬ್ಬವೇ ಒಂದು ಕಳೆದುಹೋಗುತ್ತಿತ್ತು. ಆ ತಡದಲ್ಲಿ ಬೇಡವೆಂದರೂ ಒಂದಿಷ್ಟು ಯೋಚನೆ ನಡೆಯುತ್ತಿತ್ತು. ನಿನಗೆ ಆ ಭಾಗ್ಯವಿಲ್ಲ. ಹಾಗಾಗಿ ಯೋಚನೆಯನ್ನು ನೀನೇ ಬಲವಂತವಾಗಿ ಮಾಡಬೇಕು.

ನಿನ್ನ ಫೈಲ್ ತೆರೆದು ನೋಡಿದೆ. ಕ್ಲೈಂಟಿಗೆ 50000, ಸರ್ವರಿಗೆ 50000 ಮಿಲಿಸೆಕೆಂಡ್ ಟೈಮ್‌ಔಟ್. ಐವತ್ತು ಸೆಕೆಂಡೇ ಏಕೆ ಎಂದರೆ ತಲೆ ಕೆರೆದುಕೊಳ್ಳುತ್ತೀಯ. ನಾನೇ ಹೇಳಲೇ? ಉಬುಂಟು ಪ್ಯಾಕೇಜಿನ ಜೊತೆ ಬರುವ ಫೈಲಿನಲ್ಲಿ ಹಾಗಿತ್ತು, ನೀನು ಮುಟ್ಟಲಿಲ್ಲ. ಮುಟ್ಟದಿದ್ದರೆ ಪರವಾಗಿಲ್ಲ, ಏಕೆ ಮುಟ್ಟಲಿಲ್ಲ ಎಂದಾದರೂ ಗೊತ್ತಿರಬೇಕು. ಒಳ್ಳೆಯ ದಿನಗಳಲ್ಲಿ ಲೋಡ್ ಬ್ಯಾಲೆನ್ಸರ್ ಯಾರು ಬರೆದರೂ ಓಡುತ್ತದೆ. ಆ ಫೈಲಿನ ಒಂದೊಂದು ಸಾಲಿಗೂ ಕೆಲಸ ಬೀಳುವುದು ಕೆಟ್ಟ ದಿನ. ಆ ದಿನವನ್ನು ನೆನೆದುಕೊಂಡು ಬರೆದವರನ್ನು ನಾನು ಕಂಡಿರುವುದು ಬಹಳ ಕಡಿಮೆ.

ಮೊದಲು ನಿನ್ನ ಎರಡರ ಲೆಕ್ಕ ನೋಡೋಣ. "ಎರಡು ಹಾಕಿದ್ದೇನೆ ಸಾರ್, ಒಂದು ಹೋದರೆ ಇನ್ನೊಂದಿದೆ" ಅಂದೆ. ಎಲ್ಲಿವೆ ಅವು? ವಿಸೆಂಟರ್ ತೆರೆದು ಯಾವ ಹೋಸ್ಟ್ ಮೇಲೆ ಕೂತಿವೆ ಎಂದು ನೋಡಿದೆಯಾ? ಪೆಟ್ಟಿಗೆಗಳ ಕಾಲದಲ್ಲಿ ಎರಡು ಅಂದರೆ ಕಣ್ಣಿಗೆ ಕಾಣುವ ಎರಡು. ವರ್ಚುವಲ್ ಲೋಕದಲ್ಲಿ ಎರಡು ಅನ್ನುವುದು ಬರೀ ಹೆಸರಿನ ಕೊನೆಯ 01, 02. ಒಂದು ಕಡೆ ಹೀಗೇ ಆಗಿತ್ತು. ಎಂಟು ಆ್ಯಪ್ ಸರ್ವರ್ ನಾಲ್ಕು ಹೋಸ್ಟ್ ಮೇಲೆ ಹಂಚಿಹೋಗಿದ್ದವು, ಚೆನ್ನಾಗಿಯೇ ಇದ್ದವು. ಲೋಡ್ ಬ್ಯಾಲೆನ್ಸರ್ ಜೋಡಿಯನ್ನೂ ಮೊದಲ ದಿನ ಬೇರೆ ಬೇರೆ ಹೋಸ್ಟ್‌ನಲ್ಲೇ ಇಟ್ಟಿದ್ದರು. ಆಮೇಲೊಂದು ಶನಿವಾರ ಹೋಸ್ಟ್‌ಗಳಿಗೆ ಪ್ಯಾಚ್ ಹಾಕಿದರು, ವಿಎಂಗಳು ಅತ್ತಿಂದಿತ್ತ ಸರಿದಾಡಿದವು, ಕೊನೆಗೆ ಜೋಡಿ ಒಂದೇ ಹೋಸ್ಟ್ ಮೇಲೆ ಬಂದು ಕೂತಿತು. ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ವಾರದ ಮೇಲೆ ಆ ಹೋಸ್ಟಿನ ಮೆಮೊರಿ ಕೈಕೊಟ್ಟಿತು. ಕ್ಲಸ್ಟರ್ ಅವೆರಡನ್ನೂ ಇನ್ನೊಂದು ಹೋಸ್ಟ್ ಮೇಲೆ ಎಬ್ಬಿಸುವ ತನಕ ಎಂಟು ಸರ್ವರ್‌ಗಳು ಕೈಕಟ್ಟಿ ಕೂತಿದ್ದವು.

ಇವೆರಡೂ ಒಂದೇ ಹೋಸ್ಟ್ ಮೇಲೆ ಇರಕೂಡದು ಎಂದು ಹೇಳುವ ಆ್ಯಂಟಿ-ಅಫಿನಿಟಿ ನಿಯಮ ವಿಎಂವೇರ್‌ನಲ್ಲಿದೆ, ಓಪನ್‌ಸ್ಟ್ಯಾಕ್‌ನಲ್ಲಿದೆ. ಬರೆಯಲು ಎರಡು ನಿಮಿಷ ಸಾಕು. ಅದನ್ನು ಬರೆದು, ಎರಡರ ಡಿಸ್ಕೂ ಒಂದೇ ಡೇಟಾಸ್ಟೋರ್‌ನಲ್ಲಿದೆಯೇ ಎಂದು ನೋಡು. ಎರಡು ಹೋಸ್ಟೂ ಒಂದೇ ಸ್ವಿಚ್ಚಿಗೆ ಜೋತುಬಿದ್ದಿವೆಯೇ ಎಂದು ನೆಟ್‌ವರ್ಕ್‌ನವರನ್ನು ಕೇಳು. ಬೇಸರ ಮಾಡಿಕೊಂಡಾರು, ಒಂದು ಕಾಫಿ ಕೊಡಿಸು. ಆ ಪರಿಚಯ ಮುಂದೆಯೂ ಬೇಕಾಗುತ್ತದೆ.

ಇನ್ನು ಆ ಜೋಡಿಯ ನಡುವಿನ ಮಾತುಕತೆ. ಕೀಪ್‌ಅಲೈವ್ಡ್ ಹಾಕಿದ್ದೀಯ, ಸರಿ. ಅದು ವಿಆರ್‌ಆರ್‌ಪಿ ಮಾತನಾಡುತ್ತದೆ. ಮಾಸ್ಟರ್ ಆದವನು ಸೆಕೆಂಡಿಗೊಮ್ಮೆ "ನಾನಿದ್ದೇನೆ" ಅನ್ನುತ್ತಾನೆ. ಮೂರು ಸಲ ಸದ್ದಿಲ್ಲದೆ ಹೋಗಿ, ಮೇಲೆ ಚೂರು ಕಾದರೂ ದನಿ ಕೇಳದಿದ್ದರೆ ಎರಡನೆಯವನು ಸೈಟಿನ ಐಪಿ ವಿಳಾಸವನ್ನು ತಾನು ಹೊತ್ತುಕೊಳ್ಳುತ್ತಾನೆ. ಆ "ಚೂರು" ಎಷ್ಟು ಅನ್ನುವುದಕ್ಕೂ ಲೆಕ್ಕವಿದೆ: 256ರಿಂದ ಅವನ ಪ್ರಯಾರಿಟಿ ಕಳೆದು 256ರಿಂದ ಭಾಗಿಸು. ಪ್ರಯಾರಿಟಿ 100 ಆದರೆ ಒಟ್ಟು ಸುಮಾರು 3.6 ಸೆಕೆಂಡ್. 1998ರಲ್ಲಿ ಈ ನಿಯಮ ಬರೆದವರ ಮುಂದಿದ್ದದ್ದು ರೂಟರ್‌ಗಳು. ರೂಟರ್ ಸಾಯಬಹುದು, ಆದರೆ ಹೇಳದೆ ಕೇಳದೆ ನಾಲ್ಕು ಸೆಕೆಂಡ್ ನಿದ್ದೆ ಮಾಡಿ ಏನೂ ಆಗದವರಂತೆ ಎದ್ದು ಕೂರುವುದಿಲ್ಲ. ನಿನ್ನ ವಿಎಂ ಹಾಗೆ ಮಾಡುತ್ತದೆ.

ಯಾವಾಗ ಅಂತೀಯ? ರಾತ್ರಿ ಬ್ಯಾಕಪ್ ಓಡುವಾಗ. ಬ್ಯಾಕಪ್ ಸಾಫ್ಟ್‌ವೇರ್ ವಿಎಂನ ಸ್ನ್ಯಾಪ್‌ಶಾಟ್ ತೆಗೆಯುತ್ತದೆ, ಕೆಲಸ ಮುಗಿದ ಮೇಲೆ ಅದನ್ನು ಅಳಿಸುತ್ತದೆ. ಅಳಿಸುವಾಗ ಬದಲಾದ ಡೇಟಾವನ್ನು ಮೂಲ ಡಿಸ್ಕಿಗೆ ಸೇರಿಸಬೇಕಲ್ಲ, ಆಗ ವಿಎಂ ಸ್ವಲ್ಪ ಹೊತ್ತು ಪೂರ್ತಿ ಸ್ತಬ್ಧ. ಸ್ಟೋರೇಜ್ ನಿಧಾನವಿದ್ದರೆ ಆ ಸ್ವಲ್ಪ ಹೊತ್ತು ನಿನ್ನ 3.6 ಸೆಕೆಂಡನ್ನು ಸಲೀಸಾಗಿ ದಾಟುತ್ತದೆ. ಆ ಕಡೆಯವನು "ಇವನು ಹೋದ" ಎಂದು ಗಾದಿ ಏರುತ್ತಾನೆ. ಈ ಕಡೆಯವನಿಗೆ ತಾನು ಮಲಗಿದ್ದೇ ಗೊತ್ತಿಲ್ಲ, ಎದ್ದವನೇ ಹಳೆಯ ಗತ್ತಿನಲ್ಲಿ ಮಾಸ್ಟರ್‌ಗಿರಿ ಮುಂದುವರಿಸುತ್ತಾನೆ. ಪ್ರಯಾರಿಟಿ ಕಡಿಮೆಯವನು ಇಳಿದುಬಿಡುತ್ತಾನೆ ನಿಜ, ಅಷ್ಟರಲ್ಲಿ ಸುತ್ತಲಿನ ಯಂತ್ರಗಳು ಐಪಿಯ ಮನೆ ಬದಲಾಯಿತು ಎಂದು ಬರೆದುಕೊಂಡಿರುತ್ತವೆ. ಫಲ ಏನು? ಅರ್ಧ ಜನಕ್ಕೆ ಸೈಟ್ ತೆರೆಯುತ್ತದೆ, ಅರ್ಧ ಜನಕ್ಕೆ ಇಲ್ಲ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಬೆಳಿಗ್ಗೆ ಮೀಟಿಂಗಿನಲ್ಲಿ ನೆಟ್‌ವರ್ಕ್‌ನವರು ಆ್ಯಪ್‌ನವರನ್ನು, ಆ್ಯಪ್‌ನವರು ನಿನ್ನನ್ನು ನೋಡುತ್ತಾರೆ.

ಲೋಡ್ ಬ್ಯಾಲೆನ್ಸರ್ ವಿಎಂನಲ್ಲಿ ಉಳಿಸಿಕೊಳ್ಳಬೇಕಾದದ್ದು ಅದರ ಕಾನ್ಫಿಗ್ ಫೈಲ್ ಮತ್ತು ಸರ್ಟಿಫಿಕೇಟ್, ಅಷ್ಟೇ. ಕಾನ್ಫಿಗ್ ಗಿಟ್‌ನಲ್ಲಿದ್ದು, ಸರ್ಟಿಫಿಕೇಟಿನ ಗುಟ್ಟು ಕೀಲಿ ಬೇರೆ ಸುರಕ್ಷಿತ ಜಾಗದಲ್ಲಿದ್ದರೆ ಇಡೀ ಯಂತ್ರಕ್ಕೆ ದಿನಾ ಬ್ಯಾಕಪ್ ಬೇಕೇ ಎಂದು ಬ್ಯಾಕಪ್‌ನವರನ್ನು ಕೇಳು. ಬೇಕೇ ಬೇಕೆಂದು ಹಟ ಹಿಡಿದರೆ ಎರಡಕ್ಕೂ ಒಂದೇ ಹೊತ್ತು ಬೇಡ ಎಂದಾದರೂ ಹೇಳು. ಇನ್ನು ಕೀಪ್‌ಅಲೈವ್ಡ್ ಫೈಲಿನಲ್ಲಿ ಎರಡನ್ನೂ ಮಾಸ್ಟರ್ ಎನ್ನದೆ ಬ್ಯಾಕಪ್ ಸ್ಥಿತಿಯಲ್ಲೇ ಶುರುಮಾಡಿ ನೋಪ್ರೀಎಂಪ್ಟ್ ಸಾಲು ಸೇರಿಸು. ಒಮ್ಮೆ ಜವಾಬ್ದಾರಿ ಕೈಬದಲಾದರೆ ಅಲ್ಲೇ ಇರಲಿ, ಸತ್ತು ಎದ್ದವನು ಬಂದ ತಕ್ಷಣ ಕಸಿದುಕೊಳ್ಳುವುದು ಬೇಡ. ಮಾಸ್ಟರ್ ಆಗಾಗ ತನ್ನ ವಿಳಾಸವನ್ನು ಸುತ್ತಲಿನವರಿಗೆ ಮತ್ತೆ ಸಾರುವ ಸೆಟ್ಟಿಂಗೂ ಕೀಪ್‌ಅಲೈವ್ಡ್‌ನಲ್ಲಿದೆ, ತಾನಾಗಿ ಆನ್ ಆಗಿರುವುದಿಲ್ಲ.

ವಿಆರ್‌ಆರ್‌ಪಿ ಮಾತು ಹೋಗುವುದು 224.0.0.18 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ, ಅದೂ ಟಿಸಿಪಿ ಯುಡಿಪಿ ಎರಡೂ ಅಲ್ಲದ 112ನೇ ಪ್ರೊಟೊಕಾಲಿನಲ್ಲಿ. ಫೈರ್‌ವಾಲ್ ಬಿಡದಿದ್ದರೆ ಒಬ್ಬರ ದನಿ ಒಬ್ಬರಿಗೆ ಕೇಳದೆ ಇಬ್ಬರೂ ಮಾಸ್ಟರ್. ಮಲ್ಟಿಕಾಸ್ಟ್ ಓಡದ ಜಾಗದಲ್ಲಿ ಎದುರಿನವನ ವಿಳಾಸ ಕೊಟ್ಟು ಯೂನಿಕಾಸ್ಟ್ ಮಾಡು. ವರ್ಚುವಲ್ ಸ್ವಿಚ್ಚುಗಳಿಗಂತೂ ಸಂಶಯ ಸ್ವಭಾವ. ವಿಎಂ ತನ್ನದಲ್ಲದ ಮ್ಯಾಕ್ ವಿಳಾಸದಿಂದ ಮಾತನಾಡಿದರೆ ಕಳ್ಳನೆಂದು ತಡೆಯುತ್ತವೆ. ವಿಎಂವೇರ್‌ನಲ್ಲಿ ಅದಕ್ಕೆ ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್ ಎಂಬ ಬಾಗಿಲಿದೆ. ಓಪನ್‌ಸ್ಟ್ಯಾಕ್‌ನಲ್ಲಿ ಮ್ಯಾಕ್ ಹಾಗಿರಲಿ, ಬೇರೆ ಐಪಿಗೂ ಮೊದಲೇ ಅನುಮತಿ ಬರೆಸಬೇಕು. ಕೀಪ್‌ಅಲೈವ್ಡ್ ತಾನಾಗಿ ಯಂತ್ರದ ಸ್ವಂತ ಮ್ಯಾಕನ್ನೇ ಬಳಸುವುದರಿಂದ ವಿಎಂವೇರ್‌ನಲ್ಲಿ ನಿನಗೆ ಈ ತಲೆನೋವು ಬರಲಿಕ್ಕಿಲ್ಲ. ಬುದ್ಧಿವಂತಿಕೆ ಮಾಡಲು ಹೋಗಿ ವರ್ಚುವಲ್ ಮ್ಯಾಕ್ ಆನ್ ಮಾಡಿದೆಯೋ, ಆಗ ಈ ಅಜ್ಜನನ್ನು ನೆನೆಸಿಕೋ. ನನ್ನ ಬೆನ್ನ ಹಿಂದೆ ನೀವೆಲ್ಲ ಹಾಗೆ ಕರೆಯುವುದು ನನಗೆ ಗೊತ್ತು.

ಇನ್ನೊಂದು. ಯಂತ್ರ ಬದುಕಿದೆ, ಎಚ್‌ಎಪ್ರಾಕ್ಸಿ ಮಾತ್ರ ಸತ್ತಿದೆ. ಕೀಪ್‌ಅಲೈವ್ಡ್‌ಗೆ ಇದು ಗೊತ್ತೇ ಆಗುವುದಿಲ್ಲ. ಐಪಿಯನ್ನು ತಬ್ಬಿಕೊಂಡು ಸೆಕೆಂಡಿಗೊಮ್ಮೆ "ನಾನಿದ್ದೇನೆ" ಅನ್ನುತ್ತಲೇ ಇರುತ್ತದೆ. ಪ್ರಾಕ್ಸಿ ಓಡುತ್ತಿದೆಯೇ ಎಂದು ನೋಡುವ ಸಣ್ಣ ಸ್ಕ್ರಿಪ್ಟನ್ನು ಅದಕ್ಕೆ ಕಟ್ಟು. ನಿನ್ನ ಫೈಲಿನಲ್ಲಿ ಅದಿಲ್ಲ, ಈಗಲೇ ನೋಡಿದೆ.

ಹೆಲ್ತ್ ಚೆಕ್‌ಗೆ ಬರೋಣ. ನೀನು ಸರ್ವರ್ ಸಾಲಿನ ಕೊನೆಗೆ "ಚೆಕ್" ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದೀಯ. ಅಷ್ಟೇ ಬರೆದರೆ ಎಚ್‌ಎಪ್ರಾಕ್ಸಿ ಎರಡು ಸೆಕೆಂಡಿಗೊಮ್ಮೆ ಪೋರ್ಟ್ ತೆರೆದಿದೆಯೇ ಎಂದು ತಟ್ಟಿ ನೋಡುತ್ತದೆ. ಮೂರು ಸಲ ಸೋತರೆ ಹೊರಗೆ, ಎರಡು ಸಲ ಗೆದ್ದರೆ ಒಳಗೆ. ದರ್ಶಿನಿಯ ಷಟರ್ ಮೇಲೆದ್ದ ಮಾತ್ರಕ್ಕೆ ಇಡ್ಲಿ ಬೆಂದಿದೆ ಎಂದೇನಿಲ್ಲವಲ್ಲ! ಜಾವಾ ಪ್ರಕ್ರಿಯೆ ಮೆಮೊರಿ ತುಂಬಿ ತೇಲುಗಣ್ಣು ಬಿಡುತ್ತಿದ್ದರೂ ಪೋರ್ಟ್ ತೆರೆದೇ ಇರುತ್ತದೆ. ಎಚ್‌ಟಿಟಿಪಿ ಚೆಕ್ ಹಾಕು, ಅದಕ್ಕೆಂದೇ ಒಂದು ಪುಟ ಮಾಡಿಕೊಡಲು ಆ್ಯಪ್‌ನವರಿಗೆ ಹೇಳು. ಅಲ್ಲೂ ಕಣ್ಣಿಡು. "ತಾಂತ್ರಿಕ ತೊಂದರೆ, ಕ್ಷಮಿಸಿ" ಎಂಬ ಚೆಂದದ ಪುಟವನ್ನು 200 ಕೋಡ್ ಜೊತೆ ಕಳಿಸುವ ಆ್ಯಪ್‌ಗಳಿವೆ. ಲೋಡ್ ಬ್ಯಾಲೆನ್ಸರಿಗೆ ಕನ್ನಡ ಓದಲು ಬರುವುದಿಲ್ಲ, ಕೋಡ್ ನೋಡಿ ಎಲ್ಲ ಕ್ಷೇಮ ಅಂದುಕೊಳ್ಳುತ್ತದೆ.

ಇಷ್ಟು ಕೇಳಿ ನೀನು ಉತ್ಸಾಹದಿಂದ ಇನ್ನೊಂದು ತುದಿಗೆ ಹಾರುತ್ತೀಯ, ಗೊತ್ತು. ಆ ಪುಟದಲ್ಲೇ ಡೇಟಾಬೇಸ್, ಕ್ಯಾಶ್, ಪೇಮೆಂಟ್ ಗೇಟ್‌ವೇ ಎಲ್ಲವನ್ನೂ ಮುಟ್ಟಿ ನೋಡಿಸುತ್ತೀಯ. ಆಗ ಡೇಟಾಬೇಸ್ ಹತ್ತು ಸೆಕೆಂಡ್ ತಡವರಿಸಿತು ಎಂದಿಟ್ಟುಕೋ. ನಾಲ್ಕೂ ಸರ್ವರ್ ಒಂದೇ ಉಸಿರಿಗೆ "ಅನಾರೋಗ್ಯ". ಡೇಟಾಬೇಸ್ ಇಲ್ಲದೆಯೂ ತೆರೆಯಬಹುದಾಗಿದ್ದ ಪುಟಗಳೂ ಹೋದವು, ಜನಕ್ಕೆ ಬರೀ 503. ಆ ಪುಟ ಹೇಳಬೇಕಾದದ್ದು ಈ ಒಂದು ಸರ್ವರಿನ ಸ್ಥಿತಿ. ಎಲ್ಲರಿಗೂ ಸಮಾನವಾದ ಕಾಯಿಲೆಗೆ ಒಬ್ಬೊಬ್ಬರನ್ನೇ ಹೊರಗಟ್ಟಿ ಪ್ರಯೋಜನವಿಲ್ಲ, ಅದಕ್ಕೆ ಬೇರೆ ಅಲರ್ಟ್ ಇಡು.

ರೌಂಡ್ ರಾಬಿನ್ ಮೇಲೋ ಲೀಸ್ಟ್‌ಕಾನ್ ಮೇಲೋ ಎಂದು ನೀವು ಹುಡುಗರು ಗಂಟೆಗಟ್ಟಲೆ ವಾದ ಮಾಡುತ್ತೀರಿ. ಒಂದೇ ಅಳತೆಯ ಸರ್ವರ್, ಒಂದೇ ತೂಕದ ಕೋರಿಕೆ ಇದ್ದರೆ ಯಾವುದಾದರೂ ಆದೀತು. ಆದರೆ ಲೀಸ್ಟ್‌ಕಾನ್‌ನ ಒಂದು ಗುಣ ಹೇಳುತ್ತೇನೆ ಕೇಳು. ಯಾರ ಹತ್ತಿರ ಕೆಲಸ ಕಡಿಮೆಯೋ ಅವನಿಗೆ ಮುಂದಿನ ಕೋರಿಕೆ ಎಂಬುದು ಅದರ ನ್ಯಾಯ. ಒಂದು ಸರ್ವರ್ ಕೆಟ್ಟು, ಬಂದ ಕೋರಿಕೆಗೆಲ್ಲ ಎರಡೇ ಮಿಲಿಸೆಕೆಂಡಿನಲ್ಲಿ 500 ಎಂದು ಬಿಸಾಡತೊಡಗಿತು ಎನ್ನು. ಅದರ ಕೈ ಯಾವಾಗಲೂ ಖಾಲಿ. ಲೋಡ್ ಬ್ಯಾಲೆನ್ಸರಿಗೆ ಅದೇ ಎಲ್ಲರಿಗಿಂತ ಚುರುಕಿನವನಂತೆ ಕಾಣುತ್ತದೆ, ಊರಿನ ಕೋರಿಕೆಯೆಲ್ಲ ಅತ್ತಲೇ ಹರಿಯುತ್ತದೆ. ಒಳ್ಳೆಯ ಮೂವರು ಸುಮ್ಮನೆ ಕೂತಿರುತ್ತಾರೆ. (ಆಫೀಸಿನಲ್ಲೂ ಇಂಥವರನ್ನು ಕಂಡಿದ್ದೇನೆ, ಹೆಸರು ಬೇಡ.) ನಿಜವಾದ ಕೋರಿಕೆಗಳಲ್ಲಿ ತಪ್ಪು ಹೆಚ್ಚಾದರೆ ಸರ್ವರನ್ನು ಹೊರಗಿಡುವ ಸೌಲಭ್ಯ ಎಚ್‌ಎಪ್ರಾಕ್ಸಿಯಲ್ಲಿದೆ, ಹುಡುಕಿ ಓದು. 2001ರಲ್ಲಿ ಇದನ್ನು ಹೊರತಂದ ವಿಲ್ಲಿ ಟಾರೋ ಅವರ ತಂಡದ ಕೈಪಿಡಿ ಉದ್ದವಿದೆ, ಆದರೆ ಒಂದೊಂದು ಪದ ಏನು ಮಾಡುತ್ತದೆ, ಎಲ್ಲಿ ಬರೆಯಬಹುದು, ಎಲ್ಲಿ ಕೂಡದು ಎಂದು ಬಿಡಿಸಿ ಬರೆದಿದ್ದಾರೆ. ಆರು ತಿಂಗಳಲ್ಲಿ ಓದಿ ಮುಗಿಸಿದರೂ ಸಾಕು. ನೀನು ವಿಡಿಯೊ ನೋಡುವ ಹೊತ್ತಿನ ಕಾಲುಭಾಗ.

ಟೈಮ್‌ಔಟ್ ಮಾತು ಅರ್ಧಕ್ಕೆ ಬಿಟ್ಟೆ. ತಿಂಗಳ ಕೊನೆಯ ರಿಪೋರ್ಟಿಗೆ ಒಂದೂವರೆ ನಿಮಿಷ ಬೇಕು, ನಿನ್ನ ಐವತ್ತು ಸೆಕೆಂಡಿಗೆ ಅದು 504 ಆಗಿ ಬೀಳುತ್ತದೆ. ಅಕೌಂಟ್ಸ್‌ನವರು ಕೂಗಾಡುತ್ತಾರೆ. ನೀನು ಮಾಡುವುದೇನು? ಡಿಫಾಲ್ಟ್ಸ್ ಭಾಗದಲ್ಲೇ ಹತ್ತು ನಿಮಿಷ ಎಂದು ಬರೆದುಬಿಡುತ್ತೀಯ. ಈಗ ಲಾಗಿನ್ ಪುಟ ಕೂಡ ಹತ್ತು ನಿಮಿಷ ಕಾಯಬಹುದು. ಒಂದು ಸರ್ವರ್ ಜಡವಾದರೆ ಸಂಪರ್ಕಗಳೆಲ್ಲ ಅದರ ಬಾಗಿಲಲ್ಲಿ ರಾಶಿ. ಹಾಗೆ ಮಾಡಬೇಡ. ರಿಪೋರ್ಟಿನ ದಾರಿಗೆ ಬೇರೆ ಬ್ಯಾಕೆಂಡ್ ಬರೆದು ಅದಕ್ಕೆ ಮಾತ್ರ ಹೆಚ್ಚು ಹೊತ್ತು ಕೊಡು. ಉಳಿದದ್ದನ್ನು ಐವತ್ತಕ್ಕಿಂತಲೂ ಕೆಳಗೆ ತಂದರೂ ನನಗೆ ಸಂತೋಷವೇ.

ಮ್ಯಾಕ್ಸ್‌ಕಾನ್ ಕೂಡ ಹಾಗೇ. ಒಂದೊಂದು ಸರ್ವರ್ ಎಷ್ಟು ಕೋರಿಕೆ ತಡೆಯುತ್ತದೆ ಎಂದು ಅಳೆದು ಆ ಸಂಖ್ಯೆ ಬರೆದರೆ ಹೆಚ್ಚಿನವು ಲೋಡ್ ಬ್ಯಾಲೆನ್ಸರಿನಲ್ಲೇ ಸಾಲು ನಿಲ್ಲುತ್ತವೆ. ಬರೆಯದಿದ್ದರೆ ಎಲ್ಲವೂ ಒಳಗೆ ನುಗ್ಗಿ ಸರ್ವರನ್ನೇ ಬೀಳಿಸುತ್ತವೆ. ಜನಸಂದಣಿ ಮೆಲ್ಲಗೆ ಏರುತ್ತದೆ ಎಂದು ನಂಬಬೇಡ. ಪಿಯುಸಿ ಫಲಿತಾಂಶದ ದಿನ ನೋಡು, ಬೆಳಿಗ್ಗೆ ಹತ್ತಕ್ಕೆ ಎಸಿ ಬೋಗಿಯ, ಹನ್ನೊಂದಕ್ಕೆ ಸ್ಲೀಪರ್‌ನ ತತ್ಕಾಲ್ ತೆರೆಯುವ ಕ್ಷಣ ನೋಡು. ನಾಡೇ ಒಂದೇ ಸಲ ಬಾಗಿಲಿಗೆ ಬರುತ್ತದೆ.

ಇದರ ಜೊತೆ ಒಂದು ಸಣ್ಣ ಗುಣಾಕಾರ ಕಲಿತುಕೋ. ಲಿನಕ್ಸ್ ಹೊರಹೋಗುವ ಸಂಪರ್ಕಕ್ಕೆ ತಾನಾಗಿ ಬಳಸುವ ಪೋರ್ಟ್‌ಗಳು 32768ರಿಂದ 60999ರವರೆಗೆ, ಅಂದರೆ 28,232. ಮುಚ್ಚಿದ ಸಂಪರ್ಕ ಟೈಮ್‌ವೇಟ್‌ನಲ್ಲಿ 60 ಸೆಕೆಂಡ್ ಉಳಿಯುತ್ತದೆ. ಪ್ರಾಕ್ಸಿ ಒಂದೇ ಐಪಿಯಿಂದ ಒಂದೇ ಸರ್ವರಿಗೆ ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು ತಾನೇ ಮುಚ್ಚುತ್ತಿದ್ದರೆ ಸೆಕೆಂಡಿಗೆ ಸುಮಾರು 470ಕ್ಕೆ ಪೋರ್ಟ್ ಮುಗಿದಂತೆಯೇ. ಸಿಪಿಯು ತಣ್ಣಗಿದೆ, ಮೆಮೊರಿ ಖಾಲಿ ಇದೆ, ಆದರೂ ಸಂಪರ್ಕ ಆಗುತ್ತಿಲ್ಲ ಎಂದು ತಲೆ ಚಚ್ಚಿಕೊಳ್ಳುವ ಹೊತ್ತಿಗೆ ಈ ಲೆಕ್ಕ ನೆನಪಾಗಲಿ. ತೆರೆದ ಸಂಪರ್ಕಗಳನ್ನೇ ಮತ್ತೆ ಬಳಸುವಂತೆ ಮಾಡಿದರೆ ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ತೀರುತ್ತದೆ.

ವಿಎಂಗೆ ಹದಿನಾರು ವಿಸಿಪಿಯು ಕೇಳಿದೆಯಂತೆ. ಯಾರ ದುಡ್ಡು ಅದು? ಪ್ರಾಕ್ಸಿ ಮಾಡುವ ಕೆಲಸದಲ್ಲಿ ಬಹುಪಾಲು ಸಾಗುವುದು ಕರ್ನೆಲ್‌ನ ನೆಟ್‌ವರ್ಕ್ ಭಾಗದಲ್ಲಿ. ತುಂಬಿದ ಹೋಸ್ಟ್ ಮೇಲೆ ದೊಡ್ಡ ವಿಎಂ ಇಟ್ಟರೆ ಅದು ಸರದಿ ಕಾಯುವುದೇ ಹೆಚ್ಚು. ವಿಎಂವೇರ್‌ನ ಇಪ್ಪತ್ತು ಸೆಕೆಂಡಿನ ಗ್ರಾಫಿನಲ್ಲಿ ಒಂದು ವಿಸಿಪಿಯುಗೆ ಸಿಪಿಯು ರೆಡಿ 1000 ಮಿಲಿಸೆಕೆಂಡ್ ಕಂಡರೆ ಶೇ. 5ರಷ್ಟು ಹೊತ್ತು ಬರೀ ಕಾದಿದೆ ಎಂದರ್ಥ. ನಾಲ್ಕರಲ್ಲಿ ಶುರುಮಾಡಿ ಅಳೆದು ಬೆಳೆಸು. ಸರ್ವರ್‌ಗಳ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಎರಡೇ ಸರ್ವರ್, ಎರಡೂ ಶೇ. 60ರಲ್ಲಿ ಓಡುತ್ತಿವೆ ಎಂದರೆ ಒಂದು ಬಿದ್ದಾಗ ಇನ್ನೊಂದರ ಮೇಲೆ ಶೇ. 120. ಅದೂ ಬೀಳುತ್ತದೆ. ಇಲ್ಲೂ ಎರಡಿರುವುದು ಕಾಗದದಲ್ಲಿ ಮಾತ್ರ.

ಲಾಗ್ ಓದುವ ಅಭ್ಯಾಸ ಬೆಳೆಸಿಕೋ, ಗ್ರಾಫ್ ನೋಡಿ ಸುಮ್ಮನಾಗಬೇಡ. ಎಚ್‌ಎಪ್ರಾಕ್ಸಿಯ ಒಂದೊಂದು ಸಾಲಿನಲ್ಲೂ ಸರದಿಯಲ್ಲಿ ಎಷ್ಟು ಹೊತ್ತು, ಸಂಪರ್ಕಕ್ಕೆ ಎಷ್ಟು, ಸರ್ವರ್ ಉತ್ತರಿಸಲು ಎಷ್ಟು ಎಂದು ಬಿಡಿಬಿಡಿಯಾಗಿ ಬರೆದಿರುತ್ತದೆ. ಅದರಾಚೆ ನಾಲ್ಕು ಅಕ್ಷರದ ಒಂದು ಗುರುತು. ದೊಡ್ಡ ಎಸ್, ದೊಡ್ಡ ಸಿ ಕಂಡರೆ ಸರ್ವರ್ ಸಂಪರ್ಕವನ್ನೇ ನಿರಾಕರಿಸಿದೆ. ಸಣ್ಣ ಎಸ್, ದೊಡ್ಡ ಎಚ್ ಇದ್ದರೆ ಸಂಪರ್ಕ ಆಗಿದೆ, ಉತ್ತರಕ್ಕೆ ಕಾದು ಹೊತ್ತು ಮೀರಿದೆ. ದೊಡ್ಡ ಸಿ, ದೊಡ್ಡ ಡಿ ಅಂದರೆ ಉತ್ತರ ಹೋಗುತ್ತಿರುವಾಗಲೇ ಬಳಕೆದಾರ ಎದ್ದುಹೋಗಿದ್ದಾನೆ. "ಲೋಡ್ ಬ್ಯಾಲೆನ್ಸರ್ ಸರಿಯಿಲ್ಲ" ಎಂದು ಯಾರಾದರೂ ಬೆರಳು ತೋರಿಸಿದಾಗ ದನಿ ಏರಿಸಬೇಡ, ಈ ಸಾಲು ತೋರಿಸು. ಬಳಕೆದಾರರ ನಿಜವಾದ ಐಪಿ ಹಿಂದಿನ ಸರ್ವರಿಗೆ ತಲುಪುವಂತೆ ಎಕ್ಸ್-ಫಾರ್ವರ್ಡೆಡ್-ಫಾರ್ ಹಾಕುವುದನ್ನೂ ಮರೆಯಬೇಡ. ಇಲ್ಲದಿದ್ದರೆ ಆ್ಯಪ್ ಲಾಗಿನಲ್ಲಿ ಇಡೀ ಕರ್ನಾಟಕ ಒಂದೇ ಐಪಿಯಿಂದ ಬಂದಂತೆ ಕಾಣುತ್ತದೆ, ಸೆಕ್ಯುರಿಟಿಯವರು ಅದನ್ನೇ ಬ್ಲಾಕ್ ಮಾಡಿ ಪುಣ್ಯ ಕಟ್ಟಿಕೊಳ್ಳುತ್ತಾರೆ.

ಬದಲಾವಣೆ ಮಾಡುವಾಗಿನ ನಡತೆ ಕೊನೆಯದು. ಫೈಲ್ ತಿದ್ದಿದ ಮೇಲೆ ಪರೀಕ್ಷಿಸುವ ಆಜ್ಞೆ ಇದೆ, ಅದನ್ನು ಓಡಿಸದೆ ಮುಂದೆ ಹೋಗಬೇಡ. ರೀಲೋಡ್ ಸಾಕಾಗುವಲ್ಲಿ ರೀಸ್ಟಾರ್ಟ್ ಒತ್ತಬೇಡ. ಸರ್ವರ್ ತೆಗೆಯುವ ಮುನ್ನ ಡ್ರೈನ್‌ಗೆ ಹಾಕಿ, ಒಳಗಿರುವವರು ಕೆಲಸ ಮುಗಿಸಿ ಹೋಗಲು ಬಿಡು. ಪ್ರತಿ ಸಂಖ್ಯೆಯ ಪಕ್ಕ ಅದು ಏಕೆ ಎಂದು ಒಂದು ಸಾಲು ಬರೆ, ನೀನು ಬೇರೆ ಕಂಪನಿಗೆ ಹಾರಿದ ಮೇಲೆ ಬರುವ ಮಗುವಿಗೆ ಅನುಕೂಲವಾಗುತ್ತದೆ. ಹಾರುತ್ತೀಯ ಎಂದು ಗೊತ್ತು, ಹಾರು, ಬೇಡ ಅನ್ನುವುದಿಲ್ಲ. ಶುಕ್ರವಾರ ಸಂಜೆ ಮಾತ್ರ ಏನನ್ನೂ ಮುಟ್ಟಬೇಡ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಶುಕ್ರವಾರ ಸಂಜೆಗೆಂದೇ ಹುಟ್ಟಿರಬೇಕು.

ಈಗ ನನಗೊಂದು ಕೆಲಸ ಮಾಡಿಕೊಡು. ಬರುವ ಮಂಗಳವಾರವೋ ಬುಧವಾರವೋ, ಎಲ್ಲರೂ ಸೀಟಿನಲ್ಲಿರುವ ಹೊತ್ತು, ಮ್ಯಾನೇಜರಿಗೆ, ಆ್ಯಪ್‌ನವರಿಗೆ, ನೆಟ್‌ವರ್ಕ್‌ನವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಮಾಸ್ಟರ್ ವಿಎಂ ಅನ್ನು ನೇರವಾಗಿ ಪವರ್ ಆಫ್ ಮಾಡು. ನಯವಾಗಿ ಶಟ್‌ಡೌನ್ ಮಾಡಬೇಡ, ಸಾಯುವ ಯಂತ್ರ ಹೇಳಿ ಸಾಯುವುದಿಲ್ಲ. ಎಷ್ಟು ಸೆಕೆಂಡ್ ಸೈಟ್ ನಿಂತಿತು, ಎಷ್ಟು ಕೋರಿಕೆ ಬಿದ್ದವು ಎಂದು ಬರೆದುಕೋ. ಮತ್ತೆ ಎಬ್ಬಿಸು, ಆಗೇನಾಗುತ್ತದೆ ನೋಡು. ಆಮೇಲೆ ಯಂತ್ರ ಬಿಟ್ಟು ಪ್ರಾಕ್ಸಿಯನ್ನಷ್ಟೇ ಕೊಂದು ನೋಡು. ಆ ಮೂರೂ ಸಲದ ಸಂಖ್ಯೆಗಳನ್ನು ಬರೆದ ಚೀಟಿ ನನ್ನ ಟೇಬಲ್ಲಿಗೆ ತಾ. ಹಸಿರು ಬಣ್ಣದ ಸ್ಕ್ರೀನ್‌ಶಾಟ್ ನನಗೆ ಬೇಡ.